ಲಿಲ್ಲಿ ಎಲೆ ಮೇಲೆ ಕೆಂಪು ಕಲೆ: ಬೂಷ್ಟೋ, ಹುಳುವೋ, ನಮ್ಮದೇ ತಪ್ಪೋ?

ಇವತ್ತಿನ ಮಾತು ಲಿಲ್ಲಿ ಗಿಡಗಳ ರೋಗದ ಬಗ್ಗೆ. ವಿಡಿಯೋದಲ್ಲಿ ಎಲೆ, ಗಡ್ಡೆ ಎಲ್ಲ ಕೈಯಲ್ಲಿ ಹಿಡಿದು ತೋರಿಸಿದ್ದೇನೆ. ನೋಡೋದಕ್ಕಿಂತ ಓದೋದೇ ವಾಸಿ ಅನ್ನೋರಿಗೆ, ಲೋಕಲ್ ಟ್ರೇನಲ್ಲಿ ನಿಂತು ಮೊಬೈಲ್ ನೋಡೋರಿಗೆ, ಅದೇ ಮಾತನ್ನು ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೇನೆ.

ಮೊದಲು ನನ್ನ ಕಥೆ ಹೇಳಿಬಿಡ್ತೀನಿ, ಯಾಕಂದ್ರೆ ಈ ವಿಷಯವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಗಿಡ ಕೊಂದು.

ಧಾರವಾಡದ ನಮ್ಮ ಮನೆ ಮಾರುವಾಗ ಅವ್ವ ಹಿತ್ತಲಿನಿಂದ 11 ಲಿಲ್ಲಿ ಗಡ್ಡೆ ಕಿತ್ತು, ಹಳೇ ಸೀರೆಯ ತುಂಡಿನಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು. ಕೆಂಪು ಹೂವು, ನಡುವೆ ಬಿಳೀ ಗೆರೆ. ಬೇಸಿಗೆಯಲ್ಲಿ ಒಂದು ಮಳೆ ಬಿದ್ದರೆ ಸಾಕು, ದಂಡು ಎದ್ದು ನಿಲ್ಲುತ್ತಿತ್ತು. ಅವಳ ಅತ್ತೆ ಹಚ್ಚಿದ ಗಿಡಗಳವು. ನಾನು ಪುಣೆಗೆ ತಂದು ಬಾಲ್ಕನಿಯ ಕುಂಡಗಳಲ್ಲಿ ನೆಟ್ಟೆ. ಮೊದಲ ವರ್ಷ ಚೆನ್ನಾಗಿದ್ದವು. ಎರಡನೇ ಮಳೆಗಾಲದಲ್ಲಿ ಎಲೆಗಳ ಮೇಲೆ, ಗಡ್ಡೆಯ ಕುತ್ತಿಗೆಯ ಹತ್ತಿರ, ಕೆಂಪು ಕಲೆ ಶುರುವಾಯಿತು. ನರ್ಸರಿಗೆ ಫೋಟೋ ಒಯ್ದು ತೋರಿಸಿದೆ. ಅಲ್ಲಿದ್ದವರು ಒಂದು ಕ್ಷಣ ನೋಡಿ "ಬುರಶಿ ಆಹೇ" ಅಂದ್ರು. ಬುರಶಿ ಅಂದ್ರೆ ಮರಾಠಿಯಲ್ಲಿ ನಮ್ಮ ಬೂಷ್ಟು, ಶಿಲೀಂಧ್ರ. ಒಂದು ಪೊಟ್ಟಣ ಪುಡಿ ಕೊಟ್ಟರು. ನೀರಿನಲ್ಲಿ ಕಲಸಿ ವಾರಕ್ಕೆರಡು ಸಲ ಬುಡಕ್ಕೆ ಹೊಯ್ದೆ. ಮೇಲೆ ಜುಲೈ ಮಳೆ ಬೇರೆ. ಮೂರೇ ವಾರದಲ್ಲಿ 4 ಗಡ್ಡೆ ಕೊಳೆತು ಹೋದವು.

ಕೊಳೆತ ಗಡ್ಡೆಯನ್ನು ಕೊಯ್ದು ನೋಡಿದಾಗ ಗೊತ್ತಾಯಿತು. ಒಣ ಸಿಪ್ಪೆಯ ಕೆಳಗೆ, ಪದರ ಪದರದ ಸಂದಿಯಲ್ಲಿ, ಬಿಳೀ ಹತ್ತಿಯಂತೆ ಹಿಟ್ಟು ತಿಗಣೆ ಕೂತಿದ್ದವು. ಅವು ರಸ ಹೀರಿದ ಕಡೆಯಲ್ಲೆಲ್ಲ ಗಡ್ಡೆ ಕೆಂಪಾಗಿತ್ತು. ಅಂದ್ರೆ ಮೊದಲಿಗೆ ಇದ್ದದ್ದು ಹುಳು, ಬೂಷ್ಟು ಅಲ್ಲ. ಕೊಳೆಯುವ ರೋಗವನ್ನು ತಂದುಕೊಟ್ಟವಳು ನಾನೇ, ಔಷಧದ ಹೆಸರಿನಲ್ಲಿ ನೀರು ಹೊಯ್ದು ಹೊಯ್ದು.

ಯಾವ ಲಿಲ್ಲಿ ಅಂತ ಮೊದಲು ನೋಡಿ

ನಮ್ಮಲ್ಲಿ ಲಿಲ್ಲಿ ಅನ್ನೋ ಹೆಸರಿನಲ್ಲಿ ನಾಲ್ಕಾರು ಬೇರೆ ಬೇರೆ ಗಿಡ ಮಾರುತ್ತಾರೆ. ಅವ್ವನ ಹಿತ್ತಲಿನದು, ಎಲ್ಲರ ಮನೆ ಮುಂದಿರೋದು, ಹಿಪ್ಪಿಯಾಸ್ಟ್ರಮ್. ಅಂಗಡಿಯಲ್ಲಿ ಅಮರಿಲ್ಲಿಸ್ ಅಂತಾರೆ. ಮೊದಲ ಮಳೆಗೆ ಗುಲಾಬಿ, ಬಿಳಿ, ಹಳದಿ ಹೂ ಬಿಡುವ ಪುಟ್ಟ ರೇನ್ ಲಿಲ್ಲಿ, ಜೇಡದ ಕಾಲಿನಂಥ ಬಿಳೀ ಎಸಳಿನ ಸ್ಪೈಡರ್ ಲಿಲ್ಲಿ, ಮೇ ತಿಂಗಳಲ್ಲಿ ಕೆಂಪು ಚೆಂಡಿನಂತೆ ಅರಳುವ ಫುಟ್‌ಬಾಲ್ ಲಿಲ್ಲಿ, ಇವೆಲ್ಲ ಅದೇ ಕುಟುಂಬದವು. ಹೂಗುಚ್ಛದಲ್ಲಿ ಬರುವ ಏಷಿಯಾಟಿಕ್, ಓರಿಯೆಂಟಲ್ ಲಿಲ್ಲಿಗಳು ಬೇರೆ. ನಿಜವಾದ ಲಿಲಿಯಂ ಅಂದ್ರೆ ಅವೇ. ಅವುಗಳ ಗಡ್ಡೆಗೆ ಈರುಳ್ಳಿಯ ಹಾಗೆ ಮೇಲು ಸಿಪ್ಪೆ ಇರೋದಿಲ್ಲ, ಬೆಳ್ಳುಳ್ಳಿ ಎಸಳಿನಂಥ ಬಿಡಿ ಪದರ. ಹಾಗಾಗಿ ಅವು ಬೇಗ ಒಣಗುತ್ತವೆ, ಬೇಗ ಕೊಳೆಯುತ್ತವೆ ಕೂಡ. ರೋಗಗಳೂ ಬೇರೆ. ಒಂದಕ್ಕೆ ಬರೆದ ಔಷಧವನ್ನು ಇನ್ನೊಂದಕ್ಕೆ ಕಣ್ಣು ಮುಚ್ಚಿ ಹಾಕಬೇಡಿ.

ಇನ್ನೊಂದು ಮಾತು. ಎಲೆ ಹಳದಿಯಾದ ಕೂಡಲೇ ರೋಗ ಅನ್ಕೋಬೇಡಿ. ಚಳಿಗಾಲದ ಹೊತ್ತಿಗೆ ಹಿಪ್ಪಿಯಾಸ್ಟ್ರಮ್ಮಿನ ಹಳೇ ಎಲೆ ತುದಿಯಿಂದ ಹಳದಿಯಾಗಿ ಬಾಡೋದು ಸಹಜ, ಅದು ಗಿಡದ ನಿದ್ದೆ. ಮಾರ್ಚ್-ಏಪ್ರಿಲ್ ಬಿಸಿಲಿಗೆ ಮುಖ ಮಾಡಿದ ಮಗ್ಗುಲಿನಲ್ಲಿ ಮಾತ್ರ ಎಲೆ ಬಿಳಿಚಿ ಕಾಗದದಂತಾಗಿದ್ದರೆ ಅದು ಬಿಸಿಲಿನ ಸುಡು. ಕುಂಡ ನೆರಳಿಗೆ ಸರಿಸಿದರೆ ಮುಗೀತು.

ಕೆಂಪು ಕಲೆಯ ಗೊಂದಲ

ಹಿಪ್ಪಿಯಾಸ್ಟ್ರಮ್ಮಿಗೆ ಒಂದು ಗುಣವಿದೆ. ಅದಕ್ಕೆ ಎಲ್ಲಿ ಗಾಯವಾದರೂ ಅಲ್ಲಿ ಕೆಂಪು ಬಣ್ಣ ಬರುತ್ತದೆ. ಉಗುರು ತಾಗಿದರೂ ಕೆಂಪು, ಹುಳು ಕಚ್ಚಿದರೂ ಕೆಂಪು, ಬೂಷ್ಟು ಹತ್ತಿದರೂ ಕೆಂಪು. ಹಾಗಾಗಿ ಬಣ್ಣ ನೋಡಿ ಏನೂ ತೀರ್ಮಾನ ಮಾಡೋಕಾಗಲ್ಲ. ನರ್ಸರಿಯವರನ್ನು ಪೂರ್ತಿ ಬೈಯಲಾರೆ. ಅವರು ಫೋಟೋ ನೋಡಿದ್ದರು, ಗಡ್ಡೆ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ನಿಜವಾದ ಬೂಷ್ಟು ರೋಗಕ್ಕೆ ಇಂಗ್ಲಿಷಿನಲ್ಲಿ ರೆಡ್ ಬ್ಲಾಚ್ ಅಂತಾರೆ, ಲೀಫ್ ಸ್ಕಾರ್ಚ್ ಅಂತಲೂ ಹೇಳ್ತಾರೆ. ಸ್ಟ್ಯಾಗನೋಸ್ಪೋರ ಅನ್ನುವ ಶಿಲೀಂಧ್ರ ಅದಕ್ಕೆ ಕಾರಣ. ಮೊದಲು ಗುಂಡುಸೂಜಿ ತಲೆಯಷ್ಟು ಕೆಂಪು ಚುಕ್ಕೆ. ಆಮೇಲೆ ಎಲೆಯ ಉದ್ದಕ್ಕೆ ಕಣ್ಣಿನ ಆಕಾರದಲ್ಲಿ ಹಿಗ್ಗಿ, ನಡು ಭಾಗ ಕಂದಾಗಿ ಒಣಗಿ ಸ್ವಲ್ಪ ಒಳಕ್ಕೆ ಕುಸಿಯುತ್ತದೆ, ಅಂಚು ಕೆಂಪಾಗಿಯೇ ಉಳಿಯುತ್ತದೆ. ಎಲೆಗೂ ಬರುತ್ತದೆ, ಹೂದಂಡಿಗೂ ಬರುತ್ತದೆ. ಕಲೆ ಇರುವ ಜಾಗದಲ್ಲೇ ಎಲೆ ಅಥವಾ ದಂಡು ಬಾಗಿಕೊಳ್ಳುತ್ತದೆ, ಇದು ಒಳ್ಳೇ ಗುರುತು. ಎಲೆ ಒದ್ದೆಯಾಗಿದ್ದಷ್ಟೂ ಹರಡುತ್ತದೆ. ಮಳೆಹನಿ ಸಿಡಿದು ಪಕ್ಕದ ಕುಂಡಕ್ಕೆ ದಾಟುತ್ತದೆ.

ಹಿಟ್ಟು ತಿಗಣೆಯ ಕೆಂಪು ಹೀಗಿರೋದಿಲ್ಲ. ಅದು ಎಲೆಗಳು ಒಂದಕ್ಕೊಂದು ಅಂಟಿಕೊಂಡಿರುವ ಬುಡದಲ್ಲಿ, ಒಳ ಮಗ್ಗುಲಿನಲ್ಲಿ, ಗೆರೆಗೆರೆಯಾಗಿ, ಅಡ್ಡಾದಿಡ್ಡಿಯಾಗಿ ಇರುತ್ತದೆ. ಎಲೆ ಬುಡವನ್ನು ಮೆಲ್ಲಗೆ ಅಗಲಿಸಿ, ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಬಿಳೀ ಪುಡಿ ಕಂಡರೆ ಸಂಶಯವೇ ಬೇಡ. ಇರುವೆ ಸಾಲು ಹತ್ತುತ್ತಾ ಇಳಿಯುತ್ತಾ ಇದ್ದರೆ, ಎಲೆ ಮುಟ್ಟಿದರೆ ಅಂಟಂಟು ಅನಿಸಿದರೆ, ಅದರ ಮೇಲೆ ಮಸಿಯಂಥ ಕಪ್ಪು ಕೂತಿದ್ದರೆ, ಎಲ್ಲವೂ ಅದೇ ತಿಗಣೆಯ ಸುಳಿವು. ಆ ಕಪ್ಪನ್ನು ನೋಡಿ ಮತ್ತೆ ಬೂಷ್ಟಿನ ಔಷಧ ಹೊಡೆಯೋರಿದ್ದಾರೆ. ಮಸಿ ಬೆಳೆದಿರೋದು ತಿಗಣೆ ಬಿಡುವ ಸಿಹಿ ಅಂಟಿನ ಮೇಲೆ. ತಿಗಣೆ ಹೋದರೆ ಅದೂ ಹೋಗುತ್ತದೆ.

ಮೂರನೇದು ಕಣ್ಣಿಗೆ ಕಾಣದ ನುಸಿ, ಮೈಟ್. ಎಲೆಯ ಅಂಚು ಗರಗಸದಂತೆ ಕೆಂಪಗೆ ಕಚ್ಚುಕಚ್ಚಾಗಿದ್ದು ಎಲೆ ಸೊಟ್ಟಗೆ ಬೆಳೆಯುತ್ತಿದ್ದರೆ ಅದನ್ನು ಅನುಮಾನಿಸಬಹುದು. ಅದು ಗಡ್ಡೆಯ ಪದರದೊಳಗೆ ಇರೋದರಿಂದ ಮೇಲೆ ಹೊಡೆದ ಔಷಧ ತಲುಪೋದಿಲ್ಲ. ಗಡ್ಡೆಯನ್ನು ಬಿಸಿ ನೀರಿನಲ್ಲಿ ಇಡುವ ಚಿಕಿತ್ಸೆಯೊಂದಿದೆ. ಆದರೆ ನೀರಿನ ಶಾಖ ಒಂದೇ ಸಮ ನಿಲ್ಲಬೇಕು, ಹೆಚ್ಚಾದರೆ ಗಡ್ಡೆ ಬೇಯುತ್ತದೆ. ಗ್ಯಾಸ್ ಒಲೆ ಮೇಲೆ ಮಾಡುವ ಕೆಲಸವಲ್ಲ. ಅಂಥ ಗಡ್ಡೆಯನ್ನು ನಾನಾದರೆ ಬಿಸಾಡಿಬಿಡ್ತೀನಿ.

ಹಿಟ್ಟು ತಿಗಣೆಗೆ ನಾನು ಮಾಡಿದ್ದು

ಉಳಿದ 7 ಗಡ್ಡೆಗಳನ್ನು ಕುಂಡದಿಂದ ತೆಗೆದೆ. ಮಣ್ಣು ಕೊಡವಿ, ಕಂದು ಬಣ್ಣದ ಒಣ ಸಿಪ್ಪೆಯನ್ನೆಲ್ಲ ಸುಲಿದೆ, ಈರುಳ್ಳಿ ಹೆಚ್ಚುವ ಮೊದಲು ಮೇಲಿನದನ್ನು ತೆಗೆಯುವ ಹಾಗೆ. ತಿಗಣೆಗೆ ಅಡಗೋಕೆ ಜಾಗವೇ ಆ ಸಿಪ್ಪೆ. ಆಮೇಲೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒಂದೊಂದನ್ನೂ ಒರೆಸಿದೆ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ, ಸಾಬೂನು ನೀರಿನಲ್ಲಿ, ಕುತ್ತಿಗೆಯ ಸಂದಿ ತಿಕ್ಕಿದೆ. ಒಂದು ಇಡೀ ಭಾನುವಾರ ಹೋಯಿತು. ಮಗ "ಅಮ್ಮ ಗಡ್ಡೆಗೆ ಸ್ನಾನ ಮಾಡಿಸ್ತಿದ್ದಾಳೆ" ಅಂತ ಫೋಟೋ ತೆಗೆದು ಅಜ್ಜಿಗೆ ಕಳಿಸಿದ.

ಇಲ್ಲಿ ಎಲ್ಲರೂ ತಪ್ಪುವ ಒಂದು ಸಂಗತಿ ಇದೆ. ಒಂದೇ ಸಲಕ್ಕೆ ಮುಗಿಯೋದಿಲ್ಲ. ಆ ಹತ್ತಿಯಂಥ ಗೂಡಿನೊಳಗೆ ಮೊಟ್ಟೆ ಇರುತ್ತವೆ, ಉಳಿದ ಮೊಟ್ಟೆ ಒಡೆದು ಹೊಸ ಮರಿ ಬರುತ್ತವೆ. ವಾರಕ್ಕೊಮ್ಮೆಯಂತೆ ನಾಲ್ಕು ವಾರ ನೋಡಿ ಒರೆಸಿದೆ. ಹಳೇ ಮಣ್ಣು ಮತ್ತೆ ಬಳಸಲಿಲ್ಲ, ಕುಂಡವನ್ನೂ ತೊಳೆದು ಬಿಸಿಲಿಗಿಟ್ಟೆ. ಬೇವಿನ ಎಣ್ಣೆ ಒಂದು ಲೀಟರ್ ನೀರಿಗೆ 5 ಮಿಲಿ, ಜತೆಗೆ ಕೆಲವು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಅದಿಲ್ಲದಿದ್ದರೆ ಎಣ್ಣೆ ನೀರಿನಲ್ಲಿ ಬೆರೆಯೋದೇ ಇಲ್ಲ, ಮೇಲೆ ತೇಲುತ್ತದೆ. ಸಂಜೆ ಹೊತ್ತು ಸಿಂಪಡಿಸಿ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಮೊದಲು ಒಂದೇ ಎಲೆಗೆ ಹೊಡೆದು ಎರಡು ದಿನ ಕಾಯಿರಿ. ಇರುವೆಗಳನ್ನೂ ತಡೆಯಬೇಕು, ಯಾಕಂದ್ರೆ ಸಿಹಿಯ ಆಸೆಗೆ ತಿಗಣೆಯನ್ನು ಕಾಪಾಡೋರೇ ಅವರು. ಕುಂಡವನ್ನು ನೀರಿನ ತಟ್ಟೆಯ ನಡುವೆ ಇಟ್ಟಿಗೆ ಇಟ್ಟು ಅದರ ಮೇಲೆ ಕೂರಿಸಿದೆ. ತಟ್ಟೆಯ ನೀರು ಮಾತ್ರ ಎರಡು-ಮೂರು ದಿನಕ್ಕೊಮ್ಮೆ ಚೆಲ್ಲಿ ಬದಲಾಯಿಸಿ, ಇಲ್ಲಾಂದ್ರೆ ಸೊಳ್ಳೆ ಸಾಕಿದಂತಾಗುತ್ತದೆ, ಸೊಸೈಟಿಯವರು ಬಾಗಿಲು ತಟ್ಟುತ್ತಾರೆ.

ಅಂಗಡಿಯಲ್ಲಿ ಕೇಳೋಕೆ ಹೆಸರು ಬೇಕಲ್ಲ. ಮರಾಠಿಯಲ್ಲಿ ಹಿಟ್ಟು ತಿಗಣೆಗೆ ಪಿಠ್ಯಾ ಢೇಕೂಣ್, ಹೇನಿಗೆ ಮಾವಾ, ಬೂಷ್ಟಿನ ಔಷಧಕ್ಕೆ ಬುರಶೀನಾಶಕ. ಚೆನ್ನೈಯಲ್ಲಿ ಮಾವುಪ್ಪೂಚ್ಚಿ ಅಂದ್ರೆ ಹಿಟ್ಟು ತಿಗಣೆ. ಹೈದರಾಬಾದಿನಲ್ಲಿ ಪಿಂಡಿನಲ್ಲಿ. ಎಲ್ಲ ಭಾಷೆಯವರಿಗೂ ಆ ಹುಳು ಕಂಡರೆ ಹಿಟ್ಟೇ ನೆನಪಾಗಿದೆ ನೋಡಿ. ಮರಾಠಿಯ ಮಾವಾ, ತಮಿಳಿನ ಮಾವು ಒಂದೇ ಅನ್ಕೊಂಡು ಬೇರೆ ಔಷಧ ತರಬೇಡಿ.

ರೆಡ್ ಬ್ಲಾಚ್ ಆಗಿದ್ದರೆ

ನನ್ನ 7ರಲ್ಲಿ 2 ಗಿಡಕ್ಕೆ ಮರುವರ್ಷ ನಿಜವಾದ ಬೂಷ್ಟೂ ಬಂತು. ಆಗ ಮಾಡಿದ್ದು ಇಷ್ಟು. ಕಲೆ ಬಿದ್ದ ಎಲೆಗಳನ್ನು ಬುಡಕ್ಕೆ ಕತ್ತರಿಸಿ ಕಸದ ಡಬ್ಬಿಗೆ ಹಾಕಿದೆ, ಕಾಂಪೋಸ್ಟಿಗಲ್ಲ. ಆ ಎರಡು ಕುಂಡ ಬೇರೆ ಮೂಲೆಗಿಟ್ಟೆ, ಮಳೆ ಎರಚಲು ಬೀಳದ ಕಡೆ. ನೀರನ್ನು ಮೇಲಿನಿಂದ ಹೊಯ್ಯದೆ ಮಣ್ಣಿಗೆ ಮಾತ್ರ, ಅದೂ ಬೆಳಗಿನ ಹೊತ್ತು. ಆಮೇಲೆ ಮ್ಯಾಂಕೋಜೆಬ್, ಲೀಟರಿಗೆ 2 ಗ್ರಾಂ, ಹತ್ತು ದಿನಕ್ಕೊಮ್ಮೆ ಮೂರು ಸಲ. ಎಲೆಯ ಎರಡೂ ಮಗ್ಗುಲಿಗೆ ತೆಳ್ಳಗೆ. ಅದಿಲ್ಲದಿದ್ದರೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಬಳಸಬಹುದು. ಪೊಟ್ಟಣದ ಮೇಲೆ ಬೇರೆ ಅಳತೆ ಇದ್ದರೆ ಅದೇ ಲೆಕ್ಕ, ನನ್ನದಲ್ಲ.

ಔಷಧ ಹೊಡೆದ ಮೇಲೂ ಹಳೇ ಕಲೆ ಹಾಗೇ ಇರುತ್ತದೆ. ಅದು ಮಾಯುವ ಗಾಯವಲ್ಲ. ಈ ಔಷಧಗಳು ಎಲೆಯ ಮೇಲೆ ಕೂತು ಹೊಸ ಬೀಜಕಣ ಮೊಳೆಯದಂತೆ ತಡೆಯುತ್ತವೆ, ಅಷ್ಟೇ. ಹೊಸ ಎಲೆ ಶುಭ್ರವಾಗಿ ಬಂತಾ ಅನ್ನೋದನ್ನು ನೋಡಿ. ಕಲೆ ಹೋಗಲಿಲ್ಲ ಅಂತ ಅಳತೆ ದುಪ್ಪಟ್ಟು ಮಾಡ್ಬೇಡಿ.

ಕೊಳೆತ

ಗಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿ ಈರುಳ್ಳಿಯ ಹಾಗಿರಬೇಕು. ಮೆತ್ತಗಿದ್ದರೆ ತಡಮಾಡದೆ ಕುಂಡದಿಂದ ತೆಗೆಯಿರಿ. ತಳದಲ್ಲಿ ಬೇರು ಹುಟ್ಟುವ ಒಂದು ಗಟ್ಟಿ ಬಿಲ್ಲೆ ಇರುತ್ತದಲ್ಲ, ಕೊಳೆತ ಹೆಚ್ಚಾಗಿ ಅಲ್ಲಿಂದಲೇ ಶುರು. ಕಂದು ಬಣ್ಣ, ಒಣ ಕೊಳೆತ, ಬೇರು ಹಿಡಿದೆಳೆದರೆ ಕೈಗೇ ಬರುತ್ತದೆ ಅಂದ್ರೆ ಸಾಮಾನ್ಯವಾಗಿ ಫ್ಯುಸೇರಿಯಂ ಜಾತಿಯ ಬೂಷ್ಟು. ಲೋಳೆ ಲೋಳೆಯಾಗಿ ಮೂಗು ಮುಚ್ಚುವಂಥ ವಾಸನೆ ಇದ್ದರೆ ಬ್ಯಾಕ್ಟೀರಿಯಾ. ಅದಕ್ಕೆ ಬೂಷ್ಟಿನ ಔಷಧ ನಾಟೋದಿಲ್ಲ, ಮಣ್ಣಿನ ಸಮೇತ ಬಿಸಾಡಿ.

ಒಣ ಕೊಳೆತ ಆಗಿದ್ದು ಬಿಲ್ಲೆಯ ಸ್ವಲ್ಪ ಭಾಗವಾದರೂ ಗಟ್ಟಿಯಾಗಿದ್ದರೆ ಉಳಿಸಬಹುದು. ಚೂಪು ಚಾಕುವಿನಿಂದ ಕಂದು ಭಾಗವನ್ನೆಲ್ಲ ಬಿಳಿ ಕಾಣುವವರೆಗೆ ಕೆತ್ತಬೇಕು. ಪ್ರತಿ ಕೊಯ್ತಕ್ಕೂ ಚಾಕುವನ್ನು ಸ್ಪಿರಿಟ್ಟಿನಿಂದ ಒರೆಸಿ. ಕರುಣೆ ತೋರಿಸಿ ಸ್ವಲ್ಪ ಕಂದು ಬಿಟ್ಟರೆ ಅಲ್ಲಿಂದಲೇ ಮತ್ತೆ ಹತ್ತುತ್ತದೆ. ಕೊಯ್ದ ಜಾಗಕ್ಕೆ ಮ್ಯಾಂಕೋಜೆಬ್ ಪುಡಿ ಸವರಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಎರಡು-ಮೂರು ದಿನ ಒಣಗಿಸಿ. ಮತ್ತೆ ನೆಡುವಾಗ ಗಡ್ಡೆಯ ಮೇಲಿನ ಮೂರನೇ ಒಂದು ಭಾಗ ಮಣ್ಣಿನ ಹೊರಗಿರಲಿ. ನಾನು ಮೊದಲು ಪೂರ್ತಿ ಹೂತಿದ್ದೆ. ಧಾರವಾಡದ ಹಿತ್ತಲಿನ ಇಳಿಜಾರಿನಲ್ಲಿ ಅದು ನಡೆಯುತ್ತಿತ್ತು, ಕುಂಡದಲ್ಲಿ ನಡೆಯಲಿಲ್ಲ. ಈಗ ಮಣ್ಣು, ಗೊಬ್ಬರ, ದಪ್ಪ ಮರಳು ಸಮಸಮ ಹಾಕ್ತೀನಿ. ಬರೀ ಕೊಕೊಪೀಟ್ ತುಂಬಬೇಡಿ, ಮಳೆಗಾಲದಲ್ಲಿ ಅದು ಒದ್ದೆ ಸ್ಪಂಜು. ಎಲೆ ಚಿಗುರುವವರೆಗೆ ನೀರು ಹೆಸರಿಗಷ್ಟೇ.

ಟ್ರೈಕೊಡರ್ಮ ಅಂತ ಒಂದು ಒಳ್ಳೇ ಬೂಷ್ಟು ಪುಡಿಯಾಗಿ ಸಿಗುತ್ತದೆ. ಗೊಬ್ಬರದ ಜತೆ ಬೆರೆಸಿದರೆ ಕೊಳೆತದ ಬೂಷ್ಟನ್ನು ಹತ್ತಿಕ್ಕುತ್ತದೆ. ಆದರೆ ಅದು ಮುಂಜಾಗ್ರತೆಗೆ, ಕೊಳೆತ ಗಡ್ಡೆಗೆ ಔಷಧವಲ್ಲ. ಅದನ್ನೂ ರಾಸಾಯನಿಕ ಬೂಷ್ಟುನಾಶಕವನ್ನೂ ಒಟ್ಟಿಗೆ ಹಾಕಿದರೆ ಒಳ್ಳೇದೂ ಸಾಯುತ್ತದೆ.

ಒಂದೇ ರಾತ್ರಿಯಲ್ಲಿ ಎಲೆ ಮಾಯ

ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ಸ್ಪೈಡರ್ ಲಿಲ್ಲಿಯ ಎಲೆ ಅರ್ಧ ಇಲ್ಲ. ಕಪ್ಪು ಮೈ, ಮೇಲೆ ಬಿಳೀ ಚುಕ್ಕೆ, ಕಿತ್ತಳೆ ಗುರುತು ಇರುವ ಹುಳುಗಳು ಗುಂಪಾಗಿ ಕೂತಿದ್ದವು. ಇದು ಲಿಲ್ಲಿ ಪತಂಗದ ಮರಿ, ಶಾಸ್ತ್ರದ ಹೆಸರು ಪಾಲಿಟೆಲ ಗ್ಲೋರಿಯೋಸೆ. ಗ್ಲೋರಿಯೋಸಾ ಅಂದ್ರೆ ನಮ್ಮ ಅಗ್ನಿಶಿಖೆ, ಇಲ್ಲಿನವರ ಕಳಲಾವಿ, ತಮಿಳುನಾಡಿನ ರಾಜ್ಯಪುಷ್ಪ. ಆ ಗಿಡ ಬಲು ವಿಷ, ಈ ಹುಳುವಿಗೆ ಅದೇ ಊಟ. ನಮ್ಮ ಬಾಲ್ಕನಿಯಲ್ಲಿ ಅಗ್ನಿಶಿಖೆ ಇಲ್ಲದಿದ್ದರೆ ಲಿಲ್ಲಿಯಾದರೂ ಸರಿ.

ಔಷಧಕ್ಕೆ ಓಡಬೇಡಿ. ಕೈಗವಸು ಹಾಕ್ಕೊಂಡು ಹೆಕ್ಕಿ ಸಾಬೂನು ನೀರಿನ ಬಕೆಟ್ಟಿಗೆ ಹಾಕಿ. ಎಲೆಯ ಅಡಿಯಲ್ಲಿ ಮೊಟ್ಟೆಯ ಗುಂಪು ಕಂಡರೆ ಆ ತುಂಡನ್ನೇ ಕತ್ತರಿಸಿ. ಇವು ಮಣ್ಣಿನೊಳಗೆ ಹೋಗಿ ಕೋಶವಾಗುತ್ತವೆ, ಹಾಗಾಗಿ ಮೇಲ್ಮಣ್ಣನ್ನು ಕೆದಕಿ ನೋಡಿ. ಗಿಡ ತುಂಬಾ ಇದ್ದು ಕೈಯಲ್ಲಿ ಆಗದಿದ್ದರೆ ಬಿ.ಟಿ. ಅನ್ನೋ ಬ್ಯಾಕ್ಟೀರಿಯಾ ಪುಡಿ ಇದೆ. ಹುಳು ಅದನ್ನು ತಿಂದರೆ ಮಾತ್ರ ಕೆಲಸ ಮಾಡುತ್ತದೆ, ಎಳೇ ಹುಳುವಿಗೆ ಚೆನ್ನಾಗಿ ನಾಟುತ್ತದೆ, ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಸಂಜೆ ಹೊಡೆಯಿರಿ. ಹುಳು ಕಾಣದೆ ಎಲೆ ಮಾತ್ರ ಹೋಗಿದ್ದು, ನೆಲದ ಮೇಲೆ ಹೊಳೆಯುವ ಲೋಳೆ ಗೆರೆ ಇದ್ದರೆ ಅದು ಬಸವನಹುಳು. ರಾತ್ರಿ ಟಾರ್ಚ್ ಹಿಡಿದು ಹೋಗಿ.

ದಿಲ್ಲಿ ಕಡೆಯವರಿಗೆ, ಚಳಿಗಾಲದಲ್ಲಿ ಏಷಿಯಾಟಿಕ್ ಲಿಲ್ಲಿ ಬೆಳೆಸೋರಿಗೆ ಒಂದು ಮಾತು. ಮಂಜು, ತೇವ ಸೇರಿದಾಗ ಎಲೆಗಳ ಮೇಲೆ ಅಂಡಾಕಾರದ ಕಂದು ಕಲೆ ಬಿದ್ದು, ಕಲೆಗಳು ಕೂಡಿಕೊಂಡು ಕೆಳಗಿನ ಎಲೆಗಳು ಜೋತು ಬಿದ್ದರೆ ಅದು ಬಾಟ್ರೈಟಿಸ್. ಗಿಡಗಳ ನಡುವೆ ಗಾಳಿ ಆಡಲು ಜಾಗ ಬಿಡಿ, ಬಿದ್ದ ಎಲೆ ಹೂಗಳನ್ನು ಆವತ್ತೇ ಎತ್ತಿ. ಉಳಿದದ್ದು ರೆಡ್ ಬ್ಲಾಚಿಗೆ ಹೇಳಿದ್ದೇ. ಮನೆಯಲ್ಲಿ ಬೆಕ್ಕು ಇದ್ದರೆ ಮಾತ್ರ ಈ ಲಿಲಿಯಂ ತರಲೇಬೇಡಿ, ಡೇ ಲಿಲ್ಲಿಯೂ ಬೇಡ. ಎಲೆ ಇರಲಿ, ಮೈಗೆ ಅಂಟಿದ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ, ಸಾಯುತ್ತದೆ. ಹಿಪ್ಪಿಯಾಸ್ಟ್ರಮ್ ಗಡ್ಡೆಯೂ ತಿಂದರೆ ವಿಷವೇ. ಅಡುಗೆಮನೆ ಕಟ್ಟೆಯ ಮೇಲೆ ಒಣಗಲು ಇಡಬೇಡಿ, ಈರುಳ್ಳಿ ಅಂತ ಯಾರಾದರೂ ಎತ್ತಿಕೊಂಡಾರು.

ಎಲೆಯಲ್ಲಿ ಹಸಿರು-ಹಳದಿ ಪಟ್ಟೆ ಪಟ್ಟೆ, ಹೊಸ ಎಲೆಯಲ್ಲೂ ಅದೇ ಇದ್ದರೆ ವೈರಸ್. ಹೇನುಗಳು ಹರಡುತ್ತವೆ. ಮದ್ದಿಲ್ಲ, ಗಿಡ ತೆಗೆದುಬಿಡಿ. ನನಗೆ ಸದ್ಯ ಬಂದಿಲ್ಲ.

ಬಾಟಲಿ ಕೊಳ್ಳುವ ಮುಂಚೆ

ಇದನ್ನು ಹೇಳದೆ ಮುಗಿಸಲಾರೆ. ನನಗೆ ಆವತ್ತು ಕೊಟ್ಟದ್ದು ಹೆಸರಿಲ್ಲದ ಬಿಡಿ ಪೊಟ್ಟಣ. ಏನು ಹೊಯ್ದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ದೇಶದಲ್ಲಿ ಕೀಟನಾಶಕದ ಮೂಲ ಪ್ಯಾಕಿನ ಮೇಲೆ ಬಣ್ಣದ ಗುರುತು ಇರಲೇಬೇಕು. ಕೆಂಪು ಅಂದ್ರೆ ಕಡು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಬಾಲ್ಕನಿಗೆ ಕೆಂಪು, ಹಳದಿ ಖಂಡಿತ ಬೇಡ. ನಿಮ್ಮ ಕೆಳಗಿನ ಮನೆಯವರು ಬಟ್ಟೆ ಒಣಹಾಕಿರುತ್ತಾರೆ, ಪಕ್ಕದಲ್ಲಿ ಕೂಸು ಆಡುತ್ತಿರುತ್ತದೆ. ಬಿಡಿ ಪುಡಿ, ನೀರಿನ ಬಾಟಲಿಯಲ್ಲಿ ತುಂಬಿಕೊಟ್ಟ ಔಷಧ ಯಾರು ಕೊಟ್ಟರೂ ತಗೋಬೇಡಿ. ಹೊಡೆಯುವಾಗ ಮಾಸ್ಕ್, ಕೈಗವಸು ಇರಲಿ. ಅಳತೆ ಚಮಚ ಅಡುಗೆಮನೆಗೆ ವಾಪಸ್ ಹೋಗದಿರಲಿ.

ಈಗ ನನ್ನ ಬಳಿ ಆ 7 ಗಡ್ಡೆ, ಅವುಗಳ ಮಗ್ಗುಲಲ್ಲಿ ಒಡೆದ ಮರಿ ಗಡ್ಡೆ 9. ಕಳೆದ ಏಪ್ರಿಲ್‌ನಲ್ಲಿ ಮೂರು ಕುಂಡದಲ್ಲಿ ದಂಡು ಬಂತು. ವಿಡಿಯೋ ಕಾಲಿನಲ್ಲಿ ಅವ್ವನಿಗೆ ತೋರಿಸಿದೆ. 4 ಸತ್ತ ವಿಷಯ ಅವಳಿಗೆ ಅದುವರೆಗೆ ಹೇಳಿರಲಿಲ್ಲ, ಆವತ್ತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಒಂದ್ಸಲ ನಮ್ಮತ್ತೀದು ಕೊಳಸಿದ್ದೆ ಬಿಡು. ಅವರಿಗೆ ಇಲಿ ತಿಂದಾವಂತ ಹೇಳಿದ್ದೆ" ಅಂದಳು. ಆಮೇಲೆ ಕ್ಯಾಮೆರಾ ಹತ್ತಿರ ತರಿಸಿ, ಮೂರನೇ ಕುಂಡದ ಎಲೆ ಬುಡದಲ್ಲಿ ಏನೋ ಬೆಳ್ಳಗೆ ಕಾಣ್ತದ ನೋಡು ಅಂದಳು. ನೋಡಿದೆ. ತಿಗಣೆಯೇ. ಹತ್ತಿ, ಸ್ಪಿರಿಟ್ ತರಲು ಎದ್ದೆ.